ಗಟ್ಟಿ ಆರ್ಮ್ ಹಾಕಿದರೆ ಏಟು ಎಲ್ಲಿಗೆ ಹೋಗುತ್ತದೆ? ಎಟಿವಿ ಫ್ರೇಮ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎಟಿವಿಗಳ, ಅಂದರೆ ಕಾಡುದಾರಿಯಲ್ಲೂ ಹೊಲದಲ್ಲೂ ಓಡಿಸುವ, ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿಗಳ ಫ್ರೇಮನ್ನು ಕುರಿತವು. ಗುದ್ದಿದ ಮೇಲೆ ಎಲ್ಲೆಲ್ಲಿ ನೋಡಬೇಕು, ಬಿರುಕನ್ನು ವೆಲ್ಡಿಂಗ್ ಮಾಡಿಸಬಹುದೇ, ಯಾವ ಪೈಪು ಗಟ್ಟಿ ಎಂದೆಲ್ಲ ಕೇಳಿದ್ದೀರಿ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬಲಗಡೆಯ ಮುಂದಿನ ಚಕ್ರ ಮರದ ಬೊಡ್ಡೆಗೆ ಬಡಿಯಿತು. ವೇಗ ಹೆಚ್ಚಿರಲಿಲ್ಲ. ಕೆಳಗಿನ ಎ-ಆರ್ಮ್ (ಚಕ್ರವನ್ನು ಫ್ರೇಮಿಗೆ ಸೇರಿಸುವ ತೋಳು) ಮತ್ತು ಟೈ ರಾಡ್ (ಹ್ಯಾಂಡಲಿನ ತಿರುವನ್ನು ಚಕ್ರಕ್ಕೆ ಒಯ್ಯುವ ಸರಳು) ಬಾಗಿದ್ದವು, ಎರಡನ್ನೂ ಹೊಸದು ಹಾಕಿಸಿದೆ. ಆದರೂ ಗಾಡಿ ಬಲಕ್ಕೆ ಎಳೆಯುತ್ತದೆ, ಹ್ಯಾಂಡಲ್ ಸೊಟ್ಟಗೆ ನಿಲ್ಲುತ್ತದೆ. ಏನು ಉಳಿದಿರಬಹುದು?

ಉತ್ತರ: ಬಾಗಿದ್ದು ಕಣ್ಣಿಗೆ ಕಾಣುತ್ತದೆ, ಅದನ್ನು ಬದಲಿಸಿಬಿಡುತ್ತೇವೆ. ನೋಡಬೇಕಾದದ್ದು ಅದರ ಹಿಂದಿನ ಜೋಡಣೆಯನ್ನು. ಎ-ಆರ್ಮ್ ಮತ್ತು ಟೈ ರಾಡನ್ನು ಫ್ರೇಮಿಗಿಂತ ಬೇಗ ಬಾಗುವಂತೆಯೇ ಮಾಡಿರುತ್ತಾರೆ. ಏಟು ಅಲ್ಲಿಗೇ ಮುಗಿದರೆ ಸರಿ. ಮುಗಿಯದೆ ಉಳಿದದ್ದು ಆರ್ಮನ್ನು ಹಿಡಿದಿರುವ ಫ್ರೇಮಿನ ಟ್ಯಾಬುಗಳಿಗೆ, ಅಂದರೆ ಬೋಲ್ಟು ಕೂರುವ ತೂತಿನ ತಗಡುಗಳಿಗೆ ಹೋಗುತ್ತದೆ.

ಬಲಗಡೆಯ ಎರಡೂ ಆರ್ಮ್ ಬಿಚ್ಚಿ. ಆರ್ಮಿನ ಬೋಲ್ಟಿನಷ್ಟೇ ದಪ್ಪದ ನೇರವಾದ ಸರಳನ್ನು ಮುಂದಿನ ಮತ್ತು ಹಿಂದಿನ ಟ್ಯಾಬಿನ ತೂತುಗಳಲ್ಲಿ ಒಟ್ಟಿಗೆ ತೂರಿಸಿ ನೋಡಿ. ಬೆರಳಿನಿಂದ ತಳ್ಳಿದರೇ ಹೋಗಬೇಕು. ಸುತ್ತಿಗೆ ಬೇಕಾಯಿತು ಎಂದರೆ ಟ್ಯಾಬು ತಿರುಚಿದೆ ಅಥವಾ ಬಾಯಿ ತೆರೆದುಕೊಂಡಿದೆ. ಈ ಪರೀಕ್ಷೆಗೆ ಹಳೆಯ ಬೋಲ್ಟನ್ನೇ ಬಳಸಬೇಡಿ, ಅದೂ ಬಾಗಿರಬಹುದು. ಗಾಜಿನ ಮೇಲೆ ಉರುಳಿಸಿದರೆ ಬಾಗು ಗೊತ್ತಾಗುತ್ತದೆ.

ಆಮೇಲೆ ಅಳತೆ. ಹಿಂದಿನ ಚಕ್ರಗಳನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ತಿರುಗುಬೋಲ್ಟಿನ ಎಡತುದಿಯ ನಡುವಿನಿಂದ ಬಲಗಡೆಯ ಕೆಳ ಆರ್ಮಿನ ಮುಂದಿನ ತೂತಿನ ನಡುವಿನವರೆಗೆ ಅಳೆಯಿರಿ, ಬಳಿಕ ಬಲತುದಿಯಿಂದ ಎಡ ತೂತಿಗೆ. ಹಿಂದಿನ ಚಕ್ರಗಳಿಗೂ ಬೇರೆ ಬೇರೆ ಆರ್ಮ್ ಇರುವ ಗಾಡಿಯಾದರೆ ಹಿಂದಿನ ಕೆಳ ಆರ್ಮಿನ ತೂತನ್ನೇ ಗುರುತಾಗಿಟ್ಟುಕೊಳ್ಳಿ. ಟೇಪು ಎಲ್ಲಿಯೂ ಪೈಪಿಗೆ ತಾಗಿ ಬಾಗಬಾರದು. ಕಾರ್ಖಾನೆಯ ವೆಲ್ಡಿಂಗಿನಲ್ಲೇ 2–3 ಮಿ.ಮೀ. ಏರುಪೇರು ಇರುವುದುಂಟು. ಎರಡು ಕರ್ಣಗಳ ನಡುವೆ 5 ಮಿ.ಮೀ. ದಾಟಿತು ಎಂದರೆ ಫ್ರೇಮಿನ ಮೂತಿ ಪಕ್ಕಕ್ಕೆ ಸರಿದಿದೆ ಎಂದೇ ತಿಳಿಯಿರಿ. ಎಡಬದಿಯ ನೇರ ಉದ್ದ, ಬಲಬದಿಯ ನೇರ ಉದ್ದ ಎರಡನ್ನೂ ಅಳೆಯಿರಿ. ಕರ್ಣ ಸಮವಾಗಿದ್ದೂ ಮೂತಿ ಮೇಲಕ್ಕೋ ಕೆಳಕ್ಕೋ ಬಾಗಿರಬಹುದು. ಅದಕ್ಕೆ ಫ್ರೇಮನ್ನು ರಸಮಟ್ಟ ಇಟ್ಟು ಸಮ ಮಾಡಿ, ಎಡ ಮತ್ತು ಬಲದ ಟ್ಯಾಬುಗಳಿಂದ ನೆಲಕ್ಕಿರುವ ಎತ್ತರವನ್ನು ಹೋಲಿಸಬೇಕು.

ಹ್ಯಾಂಡಲ್ ಸೊಟ್ಟಗಿರುವುದಕ್ಕೆ ಬೇರೆಯೇ ಕಾರಣ ಇರಬಹುದು. ಮೊದಲು ಹ್ಯಾಂಡಲ್ ಕ್ಲಾಂಪನ್ನು ಸಡಿಲಿಸಿ ಮತ್ತೆ ಕೂರಿಸಿ, ಎಷ್ಟೋ ಸಲ ಜಾರಿರುವುದು ಅಷ್ಟೇ. ಅದರಿಂದ ಸರಿಹೋಗದಿದ್ದರೆ ಸ್ಟೀರಿಂಗ್ ಕಂಬ ತಿರುಚಿದೆಯೇ, ಅದರ ಕೆಳಗಿನ ಬೇರಿಂಗ್ ಕೂರುವ ಜಾಗ ಸರಿದಿದೆಯೇ ನೋಡಿ. ಚಕ್ರ ಹಿಡಿದಿರುವ ನಕಲ್ ಮತ್ತು ರಿಮ್ಮನ್ನೂ ಮರೆಯಬೇಡಿ.

ಚಕ್ರಗಳ ಟೋ (ಮುಂದಿನ ಚಕ್ರಗಳ ಒಳ–ಹೊರ ಓರೆ) ಹೊಂದಿಸುವುದು ಎಲ್ಲಕ್ಕಿಂತ ಕೊನೆಗೆ. ಇಲ್ಲಿಯೇ ಮೆಕ್ಯಾನಿಕ್‌ಗಳು ಅವಸರ ಮಾಡುವುದು. ಟ್ಯಾಬು ಸರಿದಿದ್ದರೂ ಟೈ ರಾಡನ್ನು ತಿರುಗಿಸಿ ಚಕ್ರವನ್ನು ನೇರ ಮಾಡಿಬಿಡಬಹುದು, ಫ್ರೇಮಿನ ಡೊಂಕು ಅದರಡಿ ಮುಚ್ಚಿಹೋಗುತ್ತದೆ. ಎಡ ಮತ್ತು ಬಲ ಟೈ ರಾಡುಗಳ ತುದಿಯಲ್ಲಿ ಹೊರಗೆ ಕಾಣುವ ತಿರುಪಿನ ಸುತ್ತುಗಳನ್ನು (ಮರೆಗಳನ್ನು) ಎಣಿಸಿ. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಹತ್ತು ಇದ್ದರೆ ಯಾರೋ ಡೊಂಕನ್ನು ಅಲ್ಲಿ ಅಡಗಿಸಿದ್ದಾರೆ. ನಿಮ್ಮ ಗಾಡಿಯಲ್ಲೂ ಇದನ್ನೇ ಮೊದಲು ನೋಡಿ, ಎರಡು ನಿಮಿಷದ ಕೆಲಸ.

ಪ್ರಶ್ನೆ: ಎ-ಆರ್ಮ್ ಎರಡನೇ ಸಲ ಬಾಗಿದೆ. ಇನ್ನು ಸಾಕು ಅನ್ನಿಸಿ ಕ್ರೋಮೊಲಿಯ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕಿನ) ದಪ್ಪ ಆರ್ಮ್ ಹಾಕಿಸಬೇಕೆಂದಿದ್ದೇನೆ, ಪ್ರತಿ ಬದಿಗೆ 50 ಮಿ.ಮೀ. ಅಗಲವೂ ಸಿಗುತ್ತದೆ. ಫ್ರೇಮನ್ನೂ ಕ್ರೋಮೊಲಿಯಲ್ಲಿ ಮಾಡಿಸಿದರೆ ಬಳುಕು ಕಡಿಮೆಯಾಗುತ್ತದೆಯೇ?

ಉತ್ತರ: ಇವು ಎರಡು ಬೇರೆ ಪ್ರಶ್ನೆಗಳು. ಬಳುಕಿನ ವಿಷಯವನ್ನು ಮೊದಲು ಮುಗಿಸೋಣ.

ಒಂದೇ ಅಳತೆಯ ಪೈಪಾದರೆ ಕ್ರೋಮೊಲಿ ಸಾಮಾನ್ಯ ಉಕ್ಕಿನಷ್ಟೇ ಬಳುಕುತ್ತದೆ. ಬಳುಕನ್ನು ತೀರ್ಮಾನಿಸುವ ಸ್ಥಿತಿಸ್ಥಾಪಕ ಗುಣಾಂಕ ಎರಡಕ್ಕೂ ಸುಮಾರು 200 ಗಿಗಾಪ್ಯಾಸ್ಕಲ್. ವ್ಯತ್ಯಾಸವಿರುವುದು ಬಾಗಿದ ಮೇಲೆ ಮರಳಿ ನೇರವಾಗುವ ಮಿತಿಯಲ್ಲಿ: ಮೃದು ಉಕ್ಕಿಗೆ ಆ ಮಿತಿ ಸುಮಾರು 250 ಮೆಗಾಪ್ಯಾಸ್ಕಲ್, ನಾರ್ಮಲೈಸ್ ಮಾಡಿದ (ಕಾಯಿಸಿ ಗಾಳಿಯಲ್ಲಿ ಆರಿಸಿದ) 4130 ದರ್ಜೆಯ ಕ್ರೋಮೊಲಿಗೆ ಸುಮಾರು 435. ಅಂದರೆ ಕ್ರೋಮೊಲಿ ಹೆಚ್ಚು ದೂರ ಬಾಗಿಯೂ ಮರಳುತ್ತದೆ, ಆದರೆ ಅದೇ ಹೊರೆಗೆ ಕಡಿಮೆ ಬಾಗುವುದಿಲ್ಲ.

ಬಿಗಿತ ಬೇಕಿದ್ದರೆ ಪೈಪಿನ ವ್ಯಾಸ ಹೆಚ್ಚಿಸಬೇಕು. 25.4 ಮಿ.ಮೀ. ವ್ಯಾಸದ, 2 ಮಿ.ಮೀ. ಗೋಡೆಯ ಪೈಪನ್ನು 31.8 ಮಿ.ಮೀ. ವ್ಯಾಸದ, 1.6 ಮಿ.ಮೀ. ಗೋಡೆಯ ಪೈಪಿನೊಂದಿಗೆ ಹೋಲಿಸಿ. ತೂಕ ಹೆಚ್ಚುವುದು ನೂರಕ್ಕೆ ಮೂರು ಪಾಲಿನಷ್ಟು, ಬಾಗುವುದಕ್ಕೆ ತೋರುವ ಬಿಗಿತ ಹೆಚ್ಚುವುದು ನೂರಕ್ಕೆ ಎಪ್ಪತ್ತು. ಆದರೆ ಗೋಡೆ ತೆಳುವಾದಷ್ಟೂ ಕಲ್ಲು ಬಡಿದರೆ ತಗ್ಗು ಬೀಳುತ್ತದೆ, ತಗ್ಗು ಬಿದ್ದಲ್ಲೇ ಪೈಪು ಮಡಚಿಕೊಳ್ಳುತ್ತದೆ. ಗಾಡಿಯ ಹೊಟ್ಟೆಯಡಿಯ ಪೈಪುಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ದಪ್ಪ ಗೋಡೆಯೇ ಬೇಕು.

ಇನ್ನು ಆರ್ಮ್. ಎರಡು ಸಲ ಬಾಗಿದ ಆರ್ಮ್ ಎರಡು ಸಲ ನಿಮ್ಮ ಫ್ರೇಮನ್ನು ಉಳಿಸಿದೆ. ಅದು ನಾಲ್ಕು ಬೋಲ್ಟು ಬಿಚ್ಚಿ ಬದಲಿಸುವ ಭಾಗ, ಫ್ರೇಮಿನ ಟ್ಯಾಬು ಹಾಗಲ್ಲ. ಬಾಗದ ಆರ್ಮ್ ಹಾಕಿದ ಮೇಲೆ ಅದೇ ಬೊಡ್ಡೆ, ಅದೇ ವೇಗ ಸಿಕ್ಕರೆ ಮುಂದಿನದು ಟ್ಯಾಬಿನ ಸರದಿ: ಟ್ಯಾಬು ಕೆಳಪೈಪಿನ ಗೋಡೆಯನ್ನೇ ಕಿತ್ತುಕೊಂಡು ಬರುತ್ತದೆ. ಅಗಲದ ಆರ್ಮಿನಿಂದ ಸನ್ನೆಯ ಉದ್ದವೂ ಹೆಚ್ಚುತ್ತದೆ. 350 ಮಿ.ಮೀ. ಇದ್ದದ್ದು 400 ಆದರೆ ಮುಂದಿನಿಂದ ಬಿದ್ದ ಅದೇ ಏಟಿಗೆ ಟ್ಯಾಬಿನ ಮೇಲಿನ ತಿರುಚು ಏಳನೇ ಒಂದು ಪಾಲು ಜಾಸ್ತಿ. ರೇಸಿಗೆ, ಎತ್ತರದ ಜಿಗಿತಕ್ಕೆ ಗಟ್ಟಿ ಆರ್ಮ್ ಬೇಕೇ ಬೇಕು. ಆಗ ಟ್ಯಾಬುಗಳಿಗೂ ಮುಂಭಾಗದ ಪೈಪುಗಳಿಗೂ ಗಸೆಟ್ (ಕೂಡುಮೂಲೆಗೆ ಬಲ ಕೊಡುವ ತಗಡು) ಹಾಕಿಸಿಯೇ ಆರ್ಮ್ ಹಾಕಬೇಕು. ಕಾಡುದಾರಿಯಲ್ಲಿ, ಹೊಲದ ಕೆಲಸದಲ್ಲಿ ಓಡಿಸುವ ಗಾಡಿಗೆ ಕಂಪನಿಯ ಆರ್ಮೇ ಒಳ್ಳೆಯದು, ಒಂದು ಜೊತೆ ಟೈ ರಾಡ್ ಹೆಚ್ಚಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಕಾಲಿಡುವ ಫುಟ್‌ಪೆಗ್‌ನ ವೆಲ್ಡಿಂಗ್ ಪಕ್ಕ ಕೂದಲೆಳೆಯಂಥ ಗೆರೆ ಕಾಣುತ್ತಿದೆ. ಬಣ್ಣವಷ್ಟೇ ಬಿರಿದಿದೆಯೋ, ಲೋಹವೂ ಬಿರಿದಿದೆಯೋ? ಹೇಗೆ ತಿಳಿಯುವುದು?

ಉತ್ತರ: ಗೆರೆ ವೆಲ್ಡಿಂಗಿನ ಅಂಚಿಗೆ ಸರಿಯಾಗಿ ಹೊಂದಿಕೊಂಡು ಓಡುತ್ತಿದ್ದರೆ, ಅದರಲ್ಲಿ ಕಂದು ತುಕ್ಕಿನ ಎಳೆ ಒಸರಿದ್ದರೆ ಲೋಹದ ಬಿರುಕೆಂದೇ ಹಿಡಿಯಿರಿ. ಫುಟ್‌ಪೆಗ್ ಬುಡ ಇದಕ್ಕೆ ಹೆಸರುವಾಸಿ. ಜಿಗಿದು ಇಳಿದಾಗ ಸವಾರನ ಪೂರ್ತಿ ಭಾರ ಅಲ್ಲೇ ಬೀಳುತ್ತದೆ, ವೆಲ್ಡಿಂಗಿನ ಅಂಚು ಆ ಹೊರೆ ಒತ್ತರಿಸುವ ಜಾಗ.

ಖಚಿತವಾಗಬೇಕಾದರೆ ಕೆಂಪು ಬಣ್ಣದ ಪೆನೆಟ್ರೆಂಟ್ ಪರೀಕ್ಷೆ ಮಾಡಿ. ಶುಚಿಕಾರಕ, ಕೆಂಪು ದ್ರವ, ಬಿಳಿ ಡೆವಲಪರ್ ಎಂದು ಮೂರು ಸ್ಪ್ರೇ ಡಬ್ಬಿ ಬರುತ್ತವೆ. ಬಣ್ಣವನ್ನು ಪೇಂಟ್ ರಿಮೂವರಿನಿಂದ ತೆಗೆಯಿರಿ. ಗ್ರೈಂಡರ್ ಹಚ್ಚಿದರೆ ಲೋಹ ಸವರಿಕೊಂಡು ಬಿರುಕಿನ ಬಾಯೇ ಮುಚ್ಚುತ್ತದೆ, ಆಮೇಲೆ ಪರೀಕ್ಷೆ ಸುಳ್ಳು ಹೇಳುತ್ತದೆ. ಎಣ್ಣೆ, ಗ್ರೀಸು ಪೂರ್ತಿ ಹೋಗಬೇಕು. ಕೆಂಪು ದ್ರವ ಹೊಡೆದು 10ರಿಂದ 20 ನಿಮಿಷ ಬಿಡಿ. ಒಣಬಟ್ಟೆಯಿಂದ ಒರೆಸಿ, ಕೊನೆಗೆ ಶುಚಿಕಾರಕದಲ್ಲಿ ತುಸು ತೇವ ಮಾಡಿದ ಬಟ್ಟೆಯಿಂದ ಒರೆಸಿ. ಶುಚಿಕಾರಕವನ್ನು ನೇರವಾಗಿ ಲೋಹದ ಮೇಲೆ ಹೊಡೆದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಈಗ ಡೆವಲಪರನ್ನು ತೆಳುವಾಗಿ ಹೊಡೆದು ಮೊದಲ ಕ್ಷಣದಿಂದಲೇ ನೋಡುತ್ತಿರಿ, ಹತ್ತು ನಿಮಿಷದವರೆಗೂ ನೋಡಿ. ಚೂಪಾದ ಕೆಂಪು ಗೆರೆ ಮೂಡಿದರೆ ಬಿರುಕು. ಬಿಡಿಬಿಡಿ ಚುಕ್ಕಿಗಳು ಬಂದರೆ ವೆಲ್ಡಿಂಗಿನಲ್ಲಿ ಉಳಿದ ಗಾಳಿತೂತು. ಗೆರೆಯ ಎರಡೂ ತುದಿಗಳನ್ನು ಗುರುತು ಮಾಡಿಕೊಳ್ಳಿ, ಬರಿಗಣ್ಣಿಗೆ ಕಂಡದ್ದಕ್ಕಿಂತ ಸಾಮಾನ್ಯವಾಗಿ ಉದ್ದವೇ ಇರುತ್ತದೆ.

ಪ್ರಶ್ನೆ: ಇಂಥದೇ ಬಿರುಕಿನ ಮೇಲೆ ವೆಲ್ಡಿಂಗ್ ಮಾಡಿಸಿದ್ದೆ. ಕೆಲವೇ ವಾರಗಳಲ್ಲಿ ಹೊಸ ವೆಲ್ಡಿಂಗಿನ ಪಕ್ಕದಲ್ಲೇ ಮತ್ತೆ ಬಿರಿಯಿತು. ಮೇಲೆ ದಪ್ಪ ತಗಡು ಹಾಕಿ ಮುಚ್ಚಿಸಲೇ?

ಉತ್ತರ: ತಗಡು ಹಾಕಿಸಿದರೆ ಮೂರನೇ ಬಿರುಕು ಆ ತಗಡಿನ ಅಂಚಿನಲ್ಲಿ ಬರುತ್ತದೆ.

ಬಿರುಕಿನ ಮೇಲೆ ವೆಲ್ಡಿಂಗ್ ಎಳೆದರೆ ಅಡಿಯಲ್ಲಿ ಬಿರುಕು ಹಾಗೆಯೇ ಉಳಿದಿರುತ್ತದೆ, ತುದಿಗಳು ಬೆಳೆಯುತ್ತಲೇ ಇರುತ್ತವೆ. ಸರಿಯಾದ ಕ್ರಮ ಹೀಗಿದೆ. ಪೆನೆಟ್ರೆಂಟ್ ತೋರಿಸಿದ ಎರಡೂ ತುದಿಗಳಿಂದ ತುಸು ಆಚೆಗೆ 3 ಮಿ.ಮೀ. ತೂತು ಕೊರೆಯಿರಿ, ಬಿರುಕು ಮುಂದೆ ಓಡುವುದು ಅಲ್ಲಿಗೆ ನಿಲ್ಲುತ್ತದೆ. ಬಿರುಕನ್ನು ಉದ್ದಕ್ಕೂ ವಿ ಆಕಾರದಲ್ಲಿ ಪೂರ್ತಿ ಆಳದವರೆಗೆ ಕೊರೆದು ತೆಗೆಯಿರಿ. ಸುತ್ತ 25 ಮಿ.ಮೀ. ಬಣ್ಣ, ತುಕ್ಕು, ಎಣ್ಣೆ ಇಲ್ಲದೆ ಲೋಹ ಹೊಳೆಯಬೇಕು. ಟಿಗ್ (ಟಂಗ್‌ಸ್ಟನ್ ಕಡ್ಡಿಯ) ವೆಲ್ಡಿಂಗೇ ಮೇಲು. ಮೃದು ಉಕ್ಕಿಗೆ ಇಆರ್70ಎಸ್-2 ಎಂಬ ತುಂಬುತಂತಿ. 4130ಕ್ಕೂ ಅದೇ ನಡೆಯುತ್ತದೆ, ಹೆಚ್ಚು ಬಲ ಬೇಕಾದಲ್ಲಿ ಇಆರ್80ಎಸ್-ಡಿ2. ಮುಗಿದ ಮೇಲೆ ನೀರು ಹಾಕಬಾರದು, ಒದ್ದೆ ಬಟ್ಟೆ ಒತ್ತಬಾರದು, ಗಾಳಿ ಬೀಸದ ಕಡೆ ತಾನೇ ಆರಲಿ. ಕ್ರೋಮೊಲಿಯನ್ನು ತಟ್ಟನೆ ತಣಿಸಿದರೆ ಕಾದ ಭಾಗ ಗಾಜಿನಂತೆ ಪೆಡಸಾಗುತ್ತದೆ. ನಿಮ್ಮದು ಪಕ್ಕದಲ್ಲೇ ಬಿರಿದದ್ದಕ್ಕೆ ಇದೂ ಕಾರಣವಿರಬಹುದು.

ಬಲಪಡಿಸಲೇಬೇಕು ಎಂದಾದರೆ ಗಸೆಟ್ ಹಾಕಿ, ಆದರೆ ಆಕಾರ ನೋಡಿ ಹಾಕಿ. ಗಸೆಟ್ಟಿನ ದಪ್ಪ ಪೈಪಿನ ಗೋಡೆಯಷ್ಟೇ ಇರಲಿ, ಹೆಚ್ಚು ಬೇಡ. ತುದಿಗಳು ಮೊಂಡಾಗಿ ನಿಲ್ಲದೆ ತೆಳ್ಳಗಾಗುತ್ತ ಮುಗಿಯಬೇಕು. ವೆಲ್ಡಿಂಗ್ ಗೆರೆ ಪೈಪಿನ ಉದ್ದಕ್ಕೆ ಓಡಲಿ. ಪೈಪಿಗೆ ಅಡ್ಡಡ್ಡವಾಗಿ ಉಂಗುರದಂತೆ ಎಳೆದರೆ ಹೊರೆ ಆ ಗೆರೆಯಲ್ಲೇ ಒತ್ತರಿಸಿ, ಪೈಪು ಮುರಿಯುವುದಕ್ಕೆ ನೀವೇ ಜಾಗ ಗುರುತು ಮಾಡಿಕೊಟ್ಟಂತೆ. ಬಿರುಕು ಬಂದ ಕಡೆಗೆ ಹಾಕಿದ್ದನ್ನು ಇನ್ನೊಂದು ಬದಿಗೂ ಹಾಕಿ. ಒಂದೇ ಬದಿ ಬಿಗಿಯಾದರೆ ಎರಡು ಬದಿಗೂ ಹೊರೆ ಸಮನಾಗಿ ಹಂಚಿಕೆಯಾಗುವುದಿಲ್ಲ.

ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು, ಪಾಸಿಟಿವ್ ಆಮೇಲೆ ಬಿಚ್ಚಿ. ಇಸಿಯುವಿನ (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ) ಸಾಕೆಟ್ ಕಳಚಿ. ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರವಿಡಿ. ಅರ್ಥ್ ಕ್ಲಾಂಪನ್ನು ವೆಲ್ಡಿಂಗ್ ಜಾಗಕ್ಕೆ ಹತ್ತಿರವೇ ಹಿಡಿಸಿ. ದೂರ ಹಿಡಿಸಿದರೆ ಕರೆಂಟು ಬೇರಿಂಗುಗಳ ಮೂಲಕ ಹರಿದು ಗುಂಡುಗಳ ಮೇಲೆ ಕಚ್ಚು ಬೀಳುತ್ತದೆ.

ಪ್ರಶ್ನೆ: ಅಲ್ಯೂಮಿನಿಯಂ ಫ್ರೇಮಿಗೂ ಇದೇ ಕ್ರಮವೇ?

ಉತ್ತರ: ಅಲ್ಲ. 6061-ಟಿ6 ಬಗೆಯ ಅಲ್ಯೂಮಿನಿಯಂನ ಬಲ ಬಂದಿರುವುದೇ ಶಾಖ ಸಂಸ್ಕಾರದಿಂದ. ವೆಲ್ಡಿಂಗ್ ಕಾವಿಗೆ ಪಕ್ಕದ ಲೋಹ ಆ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಇಡೀ ಫ್ರೇಮಿಗೆ ಮತ್ತೆ ಶಾಖ ಸಂಸ್ಕಾರ ಮಾಡಿದರೆ ಮಾತ್ರ ಅದು ಮರಳುತ್ತದೆ, ಅದು ಸಣ್ಣ ಗ್ಯಾರೇಜಿನ ಕೆಲಸವಲ್ಲ. ಇನ್ನೊಂದು ತೊಡಕು: ಉಕ್ಕು ಒಂದು ಮಿತಿಯೊಳಗಿನ ಹೊರೆಯನ್ನು ಎಷ್ಟು ಸಲ ಬೇಕಾದರೂ ಹೊರುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ, ಸಣ್ಣ ಹೊರೆಯೂ ಮರುಕಳಿಸುತ್ತ ಹೋದರೆ ಒಂದು ದಿನ ದಣಿಸುತ್ತದೆ. ಕೆಂಪು ತುಕ್ಕು ಬಾರದ ಕಾರಣ ಬಿರುಕು ಸುಲಭಕ್ಕೆ ಕಾಣುವುದೂ ಇಲ್ಲ.

ರ‍್ಯಾಕಿನ ಟ್ಯಾಬು, ಪ್ಲಾಸ್ಟಿಕ್ ಹಿಡಿಯುವ ಕೊಕ್ಕೆ ಇಂಥವನ್ನು ಬೇಕಾದರೆ ವೆಲ್ಡಿಂಗ್ ಮಾಡಿಸಿ. ಆರ್ಮಿನ ಬುಡ, ಶಾಕ್ ಅಬ್ಸಾರ್ಬರ್ ತಲೆ, ಸ್ಟೀರಿಂಗ್ ಜಾಗ ಬಿರಿದರೆ ಆ ಭಾಗವನ್ನು ಬದಲಿಸಿ. ಉಕ್ಕು ಮತ್ತು ಅಲ್ಯೂಮಿನಿಯಂ ಭಾಗಗಳನ್ನು ಬೋಲ್ಟಿನಿಂದ ಸೇರಿಸಿದ ಫ್ರೇಮುಗಳಲ್ಲಿ ಈ ಬದಲಾವಣೆ ಸುಲಭ.

ಪ್ರಶ್ನೆ: ಬಂಡೆಯ ಮೇಲೆ ಕೂತು ಹೊಟ್ಟೆಯಡಿಯ ಎಡ ಪೈಪು ಒಳಕ್ಕೆ ಬಾಗಿದೆ. ಜಾಕ್ ಕೊಟ್ಟು ನೇರ ಮಾಡಬಹುದೇ?

ಉತ್ತರ: ಪೈಪು ಮಡಚಿದೆಯೋ ಬರೀ ಬಾಗಿದೆಯೋ ಎಂಬುದರ ಮೇಲೆ ಹೋಗುತ್ತದೆ. ಬಾಗಿದ ಜಾಗದಲ್ಲಿ ವರ್ನಿಯರ್ ಹಿಡಿದು ವ್ಯಾಸವನ್ನು ಎರಡು ದಿಕ್ಕಿನಲ್ಲಿ ಅಳೆದು ಬಲಗಡೆಯ ಪೈಪಿನೊಂದಿಗೆ ಹೋಲಿಸಿ. 25 ಮಿ.ಮೀ. ಪೈಪು ಒಂದು ಮಿಲಿಮೀಟರಿಗಿಂತ ಹೆಚ್ಚು ಚಪ್ಪಟೆಯಾಗಿದ್ದರೆ, ಒಳಬದಿಯಲ್ಲಿ ಸುಕ್ಕು ಕಂಡರೆ, ನೇರ ಮಾಡುವ ಆಸೆ ಬಿಡಿ. ಎಳೆದು ನೇರ ಮಾಡಿದರೂ ಚಪ್ಪಟೆ ಹಾಗೆಯೇ ಇರುತ್ತದೆ, ಸುಕ್ಕಿನ ಲೋಹ ಎರಡು ಸಲ ಬಾಗಿ ಪೆಡಸಾಗಿರುತ್ತದೆ. ಮುಂದಿನ ಜಿಗಿತಕ್ಕೆ ಅಲ್ಲಿಯೇ ಮಡಚುತ್ತದೆ.

ಉದ್ದಕ್ಕೆ ಹರಡಿದ ಸಣ್ಣ ಬಾಗಾದರೆ ಜಿಗ್ (ಕದಲದಂತೆ ಹಿಡಿಯುವ ಚೌಕಟ್ಟು) ಮೇಲೆ ಬಿಗಿದು ನಿಧಾನವಾಗಿ ಒತ್ತಿ ನೇರ ಮಾಡಬಹುದು. ಮುಗಿದ ಮೇಲೆ ಹತ್ತಿರದ ಎಲ್ಲ ವೆಲ್ಡಿಂಗುಗಳಿಗೂ ಪೆನೆಟ್ರೆಂಟ್ ಪರೀಕ್ಷೆ ಆಗಲೇಬೇಕು.

ಮಡಚಿದ ತುಂಡನ್ನು ಕತ್ತರಿಸಿ ಹೊಸದು ಕೂರಿಸುವುದಾದರೆ, ಕತ್ತರಿಸುವ ಮೊದಲೇ ಎರಡೂ ಬದಿಯ ಪೈಪುಗಳಿಗೆ ಆಂಗಲ್ ಕಬ್ಬಿಣವನ್ನು ಅಡ್ಡಲಾಗಿ ಚುಕ್ಕಿ ವೆಲ್ಡಿಂಗಿನಿಂದ ಹಿಡಿಸಿ. ಇಲ್ಲದಿದ್ದರೆ ಗರಗಸ ಆಚೆ ಬಂದ ಕ್ಷಣವೇ ಫ್ರೇಮು ಬಾಯಿ ಬಿಡುತ್ತದೆ. ಅದೇ ಮಾದರಿಯ ಖಾಲಿ ಎಂಜಿನ್ ಕೇಸು ಸಿಕ್ಕರೆ ಅದನ್ನು ಎಂಜಿನ್ ಜಾಗದಲ್ಲಿ ಬೋಲ್ಟು ಮಾಡಿ, ಅದಕ್ಕಿಂತ ಒಳ್ಳೆಯ ಜಿಗ್ ಇಲ್ಲ. ಕತ್ತರಿಕೆ ಓರೆಯಾಗಿರಲಿ. ಒಳಗೆ ಬಿಗಿಯಾಗಿ ಕೂರುವ ಪೈಪಿನ ತುಂಡು ಪ್ರತಿ ಬದಿಗೆ ವ್ಯಾಸದ ಒಂದೂವರೆ ಪಟ್ಟು ಒಳಹೋಗಲಿ. ಹೊರಪೈಪಿನಲ್ಲಿ 6ರಿಂದ 8 ಮಿ.ಮೀ. ತೂತು ಕೊರೆದು ಒಳತುಂಡಿಗೆ ಸೇರುವಂತೆ ವೆಲ್ಡಿಂಗ್ ತುಂಬಿ, ಆಮೇಲೆ ಕೂಡುಗೆರೆ ಸುತ್ತ ಹಾಕಿ. ಕೂಡುಗೆರೆಯಲ್ಲಿ ಒಂದೂವರೆ ಮಿಲಿಮೀಟರ್ ಸಂದು ಬಿಟ್ಟಿದ್ದರೆ ಮೂರೂ ಲೋಹ ಒಂದಾಗುತ್ತವೆ. ಫ್ರೇಮಿನ ಮೇಲೆ ಒತ್ತಿದ 17 ಅಂಕಿ–ಅಕ್ಷರಗಳ ಗುರುತು ಸಂಖ್ಯೆ ಇರುವ ಪೈಪನ್ನು ಮಾತ್ರ ಮುಟ್ಟಬೇಡಿ, ಗಾಡಿಯನ್ನು ಗುರುತಿಸುವುದು ಅದರಿಂದಲೇ.

ಪ್ರಶ್ನೆ: ಫ್ರೇಮು ಗಟ್ಟಿ ಇದ್ದರೆ ಗಾಡಿ ಮಗುಚಿದಾಗ ಸವಾರ ಉಳಿಯುತ್ತಾನೆಯೇ?

ಉತ್ತರ: ಇಲ್ಲ. ಎಟಿವಿಯ ಫ್ರೇಮು ಎಂಜಿನ್ ಮತ್ತು ಸಸ್ಪೆನ್ಶನ್ ಹೊರಲು ಇರುವುದು, ಸವಾರನ ಸುತ್ತ ರಕ್ಷಣೆಗೆ ಅದರಲ್ಲಿ ಏನೂ ಇಲ್ಲ. ಮಗುಚಿದಾಗ ಅಪಾಯ ಬರುವುದು ಗಾಡಿ ಮೈಮೇಲೆ ಬಿದ್ದು ಎದೆ ಒತ್ತಿ ಉಸಿರು ಕಟ್ಟುವುದರಿಂದ. ಫ್ರೇಮನ್ನು ಬಲಪಡಿಸುತ್ತ ಹೋದರೆ ಆ ತೂಕ ಹೆಚ್ಚುತ್ತದೆ ಅಷ್ಟೇ. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ ಮಾರಾಟವಾಗುವ ಸಾಮಾನ್ಯ ಬಳಕೆಯ ಹೊಸ ಎಟಿವಿಗಳಿಗೆ ಹಿಂಬದಿಯಲ್ಲಿ ಸವಾರ ರಕ್ಷಣೆಯ ಕಮಾನು ಕಡ್ಡಾಯ. ಗಾಡಿಗೂ ನೆಲಕ್ಕೂ ನಡುವೆ ಸಂದು ಉಳಿಸುವುದು ಅದರ ಕೆಲಸ. ಸೀಟ್ ಬೆಲ್ಟ್ ಮತ್ತು ಪಂಜರ ಎರಡೂ ಇರುವುದು ಪಕ್ಕಪಕ್ಕ ಕೂರುವ ಸೈಡ್-ಬೈ-ಸೈಡ್ ಗಾಡಿಗಳಲ್ಲಿ. ಸಾದಾ ಎಟಿವಿಗೆ ಬೆಲ್ಟ್ ಕಟ್ಟಿಸುವ ಯೋಚನೆ ಮಾಡಬೇಡಿ, ಗಾಡಿಯ ಜೊತೆಗೇ ಉರುಳುತ್ತೀರಿ.

ಪ್ರಶ್ನೆ: ಮಗುಚಿದ ಗಾಡಿಯನ್ನು ಎತ್ತಿ ನಿಲ್ಲಿಸಿದ ಮೇಲೆ ಸ್ಟಾರ್ಟರ್ ಒತ್ತಿದರೆ ಟಕ್ ಎಂದು ನಿಲ್ಲುತ್ತದೆ. ಬ್ಯಾಟರಿ ಸರಿಯಿದೆ.

ಉತ್ತರ: ಮತ್ತೆ ಒತ್ತಬೇಡಿ. ತಲೆಕೆಳಗಾಗಿದ್ದಾಗ ಎಂಜಿನ್ ಆಯಿಲ್ ಸಿಲಿಂಡರಿಗೂ ಏರ್ ಬಾಕ್ಸಿಗೂ ಇಳಿದಿರುತ್ತದೆ. ದ್ರವ ಕುಗ್ಗುವುದಿಲ್ಲ, ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ತಂತಿಯನ್ನು ಅರ್ಥ್ ಮಾಡಿ, ತೂತಿನಿಂದ ಮುಖ ದೂರವಿಟ್ಟು ಎಂಜಿನ್ ತಿರುಗಿಸಿ ಆಯಿಲನ್ನು ಹೊರಹಾಕಿ. ಏರ್ ಫಿಲ್ಟರ್ ತೊಳೆಯಿರಿ, ಆಯಿಲ್ ಮಟ್ಟ ಸರಿಮಾಡಿ. ಶುರುವಾದ ಮೇಲೆ ಸ್ವಲ್ಪ ಹೊತ್ತು ನೀಲಿಹೊಗೆ ಬರುವುದು ಸಹಜ. ಓಡಿಸುವ ಮೊದಲು ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ತಿರುಗಿಸುತ್ತ ಆಕ್ಸಲರೇಟರ್ ಬಿಟ್ಟು ನೋಡಿ. ಎಲ್ಲ ಕೋನದಲ್ಲೂ ಅದು ಟಪ್ ಎಂದು ಹಿಂದಕ್ಕೆ ಬರಬೇಕು.

ಪ್ರಶ್ನೆ: ಹಳೆಯ ಗಾಡಿ ಕೊಳ್ಳುವಾಗ ಫ್ರೇಮಿಗೆ ಏಟು ಬಿದ್ದಿದೆಯೇ ಎಂದು ಬಿಚ್ಚದೆಯೇ ತಿಳಿಯುವುದು ಹೇಗೆ?

ಉತ್ತರ: ಸ್ಟೀರಿಂಗ್ ಪೂರ್ತಿ ತಿರುಗಿದಾಗ ತಡೆಯುವ ಸಣ್ಣ ಮೊಳೆಯಂಥ ತಡೆಗಳನ್ನು ನೋಡಿ. ಒಂದು ಬಾಗಿದ್ದರೆ ಅಥವಾ ಮುರಿದಿದ್ದರೆ ಮುಂದಿನ ಚಕ್ರಕ್ಕೆ ಜೋರು ಪೆಟ್ಟು ಬಿದ್ದಿದೆ. ಎರಡು ಫುಟ್‌ಪೆಗ್‌ಗಳ ಎತ್ತರ ಅಳೆಯಿರಿ. ಹೊಟ್ಟೆಯಡಿಯ ರಕ್ಷಣಾ ತಗಡನ್ನು ಮಾತ್ರ ಬಿಚ್ಚಲು ಒಪ್ಪಿಸಿ, ಮಾರುವವರು ಅದಕ್ಕೂ ಒಪ್ಪದಿದ್ದರೆ ಬೇರೆ ಗಾಡಿ ನೋಡಿ. ಹಳೆಯ ಗಾಡಿಯ ಫ್ರೇಮಿಗೆ ಹೊಸ ಬಣ್ಣ ಬಳಿದಿದ್ದರೆ ಅನುಮಾನವಿರಲಿ, ಅದರಲ್ಲೂ ಒಂದೇ ಕಡೆ ಬಳಿದಿದ್ದರೆ.

ಸಮತಟ್ಟಾದ ಸಿಮೆಂಟು ನೆಲದಲ್ಲಿ ನಾಲ್ಕೂ ಟೈರುಗಳನ್ನು ಒದ್ದೆ ಮಾಡಿ, ಹ್ಯಾಂಡಲ್ ನೇರ ಹಿಡಿದು ಹತ್ತಡಿ ತಳ್ಳಿ. ಮುಂದಿನ ಮತ್ತು ಹಿಂದಿನ ಟೈರಿನ ಗುರುತುಗಳ ನಡುವಿನ ಅಂತರ ಎಡಕ್ಕೂ ಬಲಕ್ಕೂ ಒಂದೇ ಇರಬೇಕು. ಇಲ್ಲದಿದ್ದರೆ ಫ್ರೇಮೋ ಹಿಂದಿನ ಸ್ವಿಂಗ್ ಆರ್ಮೋ ಡೊಂಕಾಗಿದೆ.

ಕೆಸರು, ನೀರಿನಲ್ಲಿ ಓಡಿದ ಗಾಡಿಯಾದರೆ ಕೆಳಪೈಪುಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟುತ್ತ ಹೋಗಿ. ಟಣ್ ಎನ್ನುತ್ತಿದ್ದದ್ದು ಒಂದೆಡೆ ಡಬ್ ಎಂದರೆ ಅಲ್ಲಿ ಒಳಗೆ ಕೆಸರು ತುಂಬಿದೆ, ಕೆಸರಿದ್ದಲ್ಲಿ ತುಕ್ಕು ಗೋಡೆಯನ್ನು ಒಳಗಿನಿಂದ ತಿನ್ನುತ್ತಿರುತ್ತದೆ. ಪೈಪಿನ ಅಡಿಯಲ್ಲಿರುವ ನೀರಿಳಿಯುವ ತೂತುಗಳನ್ನು ತಂತಿ ಹಾಕಿ ಬಿಡಿಸಿ ನೋಡಿ, ತುಕ್ಕಿನ ಪದರ ಉದುರಿದರೆ ಗೋಡೆ ತೆಳುವಾಗಿದೆ. ಹಾಗಾದ ಪೈಪಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ, ಕಿಡಿ ತಾಗಿದಲ್ಲೆಲ್ಲ ತೂತು ಬೀಳುತ್ತದೆ. ಆ ಪೈಪನ್ನು ಪೂರ್ತಿ ಬದಲಿಸುವ ಖರ್ಚನ್ನು ಸೇರಿಸಿಯೇ ಬೆಲೆ ಮಾತಾಡಿ.